ಬತ್ತಿದ ನಲ್ಲಿಯ ನೀರು ಕುಡಿದ ಸಾಹೇಬರು

ಮನೆಯ ನಲ್ಲಿಯ ನೀರು ಎರಡು ವಾರದಿಂದ ಗಬ್ಬು ವಾಸನೆ ಹೊಡೆಯುತ್ತಿತ್ತು. ಗುಂಡಿಯಜ್ಜಿಯ ಮೊಮ್ಮಗಳಿಗೆ ಭೇದಿ ನಿಲ್ಲದೆ ಕಣ್ಣುಗಳು ಗುಳಿಬಿದ್ದಿದ್ದವು. ನೀರು ಕುದಿಸಿ ಆರಿಸಿ ಕುಡಿಸಿ ಎಂದು ಆಸ್ಪತ್ರೆಯ ನರ್ಸ್ ಹೇಳಿ ಕಳಿಸಿದ್ದಳು. ಆದರೆ ಸೊಸೆ ಒಲೆ ಹಚ್ಚಿದರೆ ಅಜ್ಜಿ ಹಿಂದೆಯೇ ಬಂದು ಆರಿಸಿಬಿಡುತ್ತಿದ್ದಳು. ನೀರು ಶುದ್ಧವಾಗಿದೆ ಎಂದು ರೇಡಿಯೋದಲ್ಲಿ ಹೇಳಿದ್ದಾರೆ, ಮೂರು ಪತ್ರಿಕೆಗಳಲ್ಲೂ ಬಂದಿದೆ, ಸುಮ್ಮನೆ ಯಾಕೆ ಗ್ಯಾಸ್ ಸುಡುತ್ತೀ ಎಂಬುದು ಅವಳ ವಾದ.

“ಒಬ್ರು ಸುಳ್ಳು ಹೇಳ್ಬಹುದು. ಮೂವರೂ ಸೇರಿ ಹೇಳ್ತಾರೇನೇ?” ಎಂದು ಸೊಸೆಯ ಬಾಯಿ ಮುಚ್ಚಿಸಿದ್ದಳು.

ಅಜ್ಜಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವವಳು. ಹೆಸರು ಹಾಗೇ ಅಂಟಿಕೊಂಡಿತ್ತು. ಅಲ್ಲೊಂದು ರೂಢಿಯಿದೆ. ಒಬ್ಬಳು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾಳೆ, ಅವಳ ಪಾಲಿನ ಅಂಗಿಗಳನ್ನು ಉಳಿದವರು ಹಂಚಿಕೊಂಡು ಹೊಲಿಯುತ್ತಾರೆ. ಯಾವಾಗಲೂ ಒಂದು ಪತ್ರಿಕೆ ಓದಿದರೆ ಮುಗಿಯಿತು. ಅಂದು ಸರದಿ ಕಾಲರ್ ಹೊಲಿಯುವ ಗೆಳತಿಯದು. ಅವಳು ಮೂರನ್ನೂ ತಂದಿದ್ದಳು.

ಮೊದಲನೆಯದರಲ್ಲಿ, ನೀರಿನ ಇಲಾಖೆಯ ಸಾಹೇಬರು ಮಾರುಕಟ್ಟೆಯ ಗಡಿಯಾರ ಕಂಬದ ಕೆಳಗಿನ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕುಡಿದು ತೃಪ್ತಿಯಿಂದ ನಕ್ಕರಂತೆ. ಎರಡನೆಯದರಲ್ಲೂ ಅದೇ ನಲ್ಲಿ, ಅದೇ ಲೋಟ, ಅದೇ ನಗು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳು ಓದುವ ಮೊದಲೇ ಮುಂದಿನ ಸಾಲನ್ನು ಉಳಿದವರೇ ಹೇಳತೊಡಗಿದರು.

ಗುಂಡಿಯಜ್ಜಿಯ ಸೂಜಿ ನಿಂತಿತು.

“ಆ ನಲ್ಲಿ ಹೋದ ಬೇಸಿಗೆಗೇ ಬತ್ತಿದೆಯಲ್ಲೇ. ದಿನಾ ಅದಕ್ಕೆ ಒರಗಿಕೊಂಡೇ ಬಸ್ಸಿಗೆ ಕಾಯ್ತೀನಿ ನಾನು.”

“ಸಾಹೇಬರ ಕೈಗುಣ ಅಜ್ಜಿ, ಮುಟ್ಟಿದ ಕಡೆ ನೀರು,” ಎಂದು ಯಾರೋ ಕಿಚಾಯಿಸಿದರು.

ಅಜ್ಜಿ ನಗಲಿಲ್ಲ. ಮೂರು ಅಂಗಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಬಂದರೆ ಹೊಲಿದವರನ್ನು ಯಾರೂ ಬೈಯುವುದಿಲ್ಲ. ಬಟ್ಟೆ ಕತ್ತರಿಸಿದವನನ್ನು ಹುಡುಕುತ್ತಾರೆ.

“ಇದನ್ನ ಕತ್ತರಿಸಿ ಕೊಟ್ಟೋರು ಯಾರು?” ಎಂದಳು.

ಗೆಳತಿ ಸಾವಧಾನವಾಗಿ ಬಿಡಿಸಿ ಹೇಳಿದಳು. ಮೂರು ಪತ್ರಿಕೆಗೂ ರೇಡಿಯೋಗೂ ಸುದ್ದಿ ಬರುವುದು ಸರ್ಕಾರದ ಒಂದೇ ಕಚೇರಿಯಿಂದ. ಬಂದದ್ದನ್ನು ಬಂದ ಹಾಗೆ ಹಾಕಬೇಕು. ನಲ್ಲಿ ತಿರುಗಿಸಿ ನೋಡಲು ಯಾರೂ ಹೋಗುವಂತಿಲ್ಲ. ಹೋಗಿ ನೋಡಿ ಬರೆಯುತ್ತಿದ್ದ ವಾರಪತ್ರಿಕೆಯೊಂದಿತ್ತು, ಅದರ ಪರವಾನಗಿ ರದ್ದಾಯಿತು. ಹೆಸರು ಮೂರಾದರೂ ಬಾಯಿ ಒಂದೇ.

“ಹಾಗಾದ್ರೆ ಪೇಪರ್ ಓದೋದೇ ಬಿಟ್ಬಿಡೋಣ್ವಾ?”

“ಬಿಟ್ರೆ ಗಾಳಿಮಾತೇ ಗತಿ. ಓದೋಣ ಅಜ್ಜಿ. ಜೊತೆಗೆ ಕಣ್ಣಾರೆ ಕಂಡೋರನ್ನೂ ಕೇಳೋಣ. ಕಾಯಿಲೆ ಮಕ್ಕಳನ್ನ ದಿನಾ ನೋಡೋ ನರ್ಸ್ ಹೇಳಿದ್ದು ನಿಮ್ಮ ಕಿವಿಗೆ ಯಾಕೆ ಬೀಳಲಿಲ್ಲ?”

ಸಂಜೆ ಮನೆಗೆ ಹೋದ ಅಜ್ಜಿ ಚಪ್ಪಲಿ ಬಿಟ್ಟು ನೇರ ಒಲೆಯ ಮುಂದೆ ನಿಂತಳು. ಸೊಸೆ ಬೆರಗಾಗಿ ನೋಡುತ್ತಿದ್ದರೆ, “ನೀನು ಹೇಳಿದ್ದೇ ಸರಿ ಕಣೇ. ಚೆನ್ನಾಗಿ ಕುದೀಲಿ, ಆಮೇಲೆ ಮಗೂಗೆ ಕೊಡು,” ಎಂದಳು. ಭೇದಿಗೆಂದು ನರ್ಸ್ ಕೊಟ್ಟಿದ್ದ ಉಪ್ಪು-ಸಕ್ಕರೆಯ ಪುಡಿಯನ್ನು ಕುದಿಸಿ ಆರಿಸಿದ ನೀರಲ್ಲಿ ಕದಡಿ, ಚಮಚ ಚಮಚವಾಗಿ ಕುಡಿಸಿದರು. ವಾರದೊಳಗೆ ಮಗು ಎದ್ದು ಓಡಾಡಿತು. ವಾರಪತ್ರಿಕೆಗೆ ಮತ್ತೆ ಪರವಾನಗಿ ಕೊಡಿ ಎಂದು ಕಾರ್ಖಾನೆಯ ಹೆಂಗಸರು ಬರೆದ ಮನವಿಗೆ ಅಜ್ಜಿಯದೇ ಮೊದಲ ರುಜು.

ಅಕ್ಕತಂಗಿಯರೇ, ನಿಮ್ಮ ಮನೆಗೆ ಬರುವ ಸುದ್ದಿ ಯಾರ ಕೈ ದಾಟಿ ಬರುತ್ತಿದೆ ಎಂದು ವಿಚಾರಿಸಿ. ಎಲ್ಲರೂ ಒಂದೇ ಮಾತು ಆಡುತ್ತಿದ್ದರೆ, ಒಬ್ಬರಾದರೂ ಹೋಗಿ ನೋಡಿದ್ದಾರಾ ಎಂದು ಕೇಳಿ. ನೋಡಿ ಬರೆಯುವವರ ಬಾಯಿ ಕಟ್ಟಿದಾಗ, ಅದು ಅವರ ಪಾಡು ಎಂದು ಸುಮ್ಮನಿರಬೇಡಿ. ಅವರು ಬರೆಯದೆ ಹೋದ ಸುದ್ದಿಯನ್ನು ಕುಡಿಯುವುದು ನಮ್ಮ ಮಕ್ಕಳು.