ಕಾಕಾರ ಫೋನಿನಲ್ಲಿ ನಮ್ಮ ಮನೆಯ ಒಲೆ

"ಇಕಿಗೆ ಕಡೀಕ ನೀಡ್ರಿ. ಉಪವಾಸ ಅಂತ ಬಂದು ಕುಂತಾಳ, ಮಧ್ಯಾಹ್ನ ಮನ್ಯಾಗ ಒಲಿ ಹಚ್ಚಿ ಹೊಟ್ಟಿ ತುಂಬ ಉಂಡಾಳ."

ಶ್ರಾವಣ ಸೋಮವಾರದ ಸಂಜೆ. ಮಿರಜದ ನಮ್ಮ ಓಣಿಯ ಮಠದಲ್ಲಿ ಉಪವಾಸ ಬಿಡುವ ಪಂಗತಿ ಕೂತಿತ್ತು. ಈ ಮಾತು ಆಡಿದವರು ಸಿದ್ರಾಮಪ್ಪ ಕಾಕಾ, ನನ್ನ ಅಪ್ಪನ ತಮ್ಮ; ಅಪ್ಪ ಹೋದ ಮೇಲೆ ಮನೆತನಕ್ಕೆ ಅವರೇ ಹಿರಿಯರು. ಆಡಿದ್ದು ನನ್ನ ಹೆಂಡತಿ ಸ್ನೇಹಲಳ ಎಲೆಯ ಮುಂದೆ ನಿಂತು. ಪೇಟೆಯ ವ್ಯಾಪಾರಸ್ಥರು, ಅವರ ಮನೆಯ ಹೆಂಗಸರು, ಎಲ್ಲರೂ ಕೇಳಿದರು. ಯಾರೋ ನಕ್ಕರು. ಸ್ನೇಹಲ ತಲೆ ತಗ್ಗಿಸಿದಳು. ನಾನು ಹುಗ್ಗಿಯ ಬಕೆಟ್ಟು ಹಿಡಿದು ನೀಡುತ್ತಿದ್ದೆ. ಅದನ್ನು ಕಾಕಾರ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು.

ಸುರಿಯಲಿಲ್ಲ. ಯಾಕೆಂದರೆ ಕಾಕಾ ಹೇಳಿದ್ದು ಸುಳ್ಳಲ್ಲ.

ಸ್ನೇಹಲ ಬಸುರಿ. ಹಿಂದೊಮ್ಮೆ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಡಾಕ್ಟರು ಉಪವಾಸ ಬೇಡವೇ ಬೇಡ ಅಂದಿದ್ದರು. ಆದರೆ ಮೂರು ತಿಂಗಳು ತುಂಬುವವರೆಗೆ ಹೊರಗೆ ಬಾಯಿ ಬಿಡಬಾರದು ಎನ್ನುವುದು ನಮ್ಮಲ್ಲಿಯ ರೂಢಿ. ಪಂಗತಿಗೆ ಬರದೇ ಇದ್ದರೂ ಕಷ್ಟ. ಹೆಂಗಸರು ಬೆರಳು ಎಣಿಸಿಯೇ ಕಂಡುಹಿಡಿದುಬಿಡುತ್ತಾರೆ. ಅದಕ್ಕೆ ನನ್ನ ಅವ್ವ ಸುಶೀಲಾಬಾಯಿಯೇ ಒಂದು ದಾರಿ ಮಾಡಿದ್ದಳು. ಮಧ್ಯಾಹ್ನ ಕರೆಂಟಿನ ಒಲೆಯ ಮೇಲೆ ಬಿಸಿ ಅನ್ನ ಮಾಡಿಕೊಂಡು ಉಣ್ಣು, ಸಂಜೆ ಎಲ್ಲರ ಜೊತೆ ಬಂದು ಕೂರು.

ಈಗ ನಾನು ಜವಾಬು ಕೊಟ್ಟರೆ ಗುಟ್ಟು ರಟ್ಟಾಗುತ್ತಿತ್ತು. ಕೊಡದಿದ್ದರೆ ಹೆಂಡತಿಗೆ ಕಳ್ಳಿ ಎನ್ನುವ ಹೆಸರು. ಹಲ್ಲು ಕಚ್ಚಿಕೊಂಡು ಹುಗ್ಗಿ ನೀಡಿದೆ.

ಮನೆಗೆ ಬಂದ ಮೇಲೆ ಸಿಟ್ಟಿಗಿಂತ ದೊಡ್ಡದೊಂದು ಪ್ರಶ್ನೆ ತಲೆ ತಿನ್ನತೊಡಗಿತು. ಕಾಕಾರಿಗೆ ಗೊತ್ತಾದದ್ದು ಹೇಗೆ? ಒಂದೇ ವಾಡೆಯಲ್ಲಿ ಗೋಡೆಯ ಈ ಕಡೆ ನಾವು, ಆ ಕಡೆ ಅವರು, ಅದು ಖರೆ. ಆದರೆ ಮಧ್ಯಾಹ್ನ ಅವರು ಸಾಂಗ್ಲಿ ಮಾರ್ಕೆಟ್ ಯಾರ್ಡಿನ ಅರಿಷಿಣ ಅಂಗಡಿಯಲ್ಲಿದ್ದರು, ಅವರ ಮನೆಗೆ ಬೀಗ. ಅವ್ವ ಮಠದ ಭಜನೆಯಲ್ಲಿ. ನಾನು ಟೆಂಪೋದಲ್ಲಿ ಚೀಲ ಹೇರಿಕೊಂಡು ಬುಧಗಾಂವದ ಕಡೆ ಹೋಗಿದ್ದೆ. ಸ್ನೇಹಲ ಬಾಗಿಲು ಹಾಕಿಕೊಂಡೇ ಉಂಡಿದ್ದಳು.

ಅವ್ವ ಪಡಸಾಲೆಯ ಗೋಡೆಗೆ ಬೆರಳು ತೋರಿಸಿದಳು. "ಇದರದ ಕೆಲಸ ನೋಡು. ಈ ಹೊಸಾ ಲೈಟ್ ಮೀಟರ್. ಹಚ್ಚಿ ಹೋದಾಗಿಂದ ಕೆಂಪ ಕಣ್ಣ ಪಿಳಿಪಿಳಿ ಮಾಡಿಕೋತ ನೋಡತೈತಿ. ಕಿವೀನೂ ಇರಬೇಕು."

"ಮೀಟರಿಗೆ ಕಿವಿ ಎಲ್ಲಿಂದ ಬರತಾವು ಅವ್ವಾ?"

"ಹಂಗಾದ್ರ ಯಾರ ಹೇಳಿದ್ರು? ಒಲೀನ ಎದ್ದು ಹೋಗಿ ಹೇಳತೇನು?"

ಅವ್ವ ಟ್ರಂಕಿನಿಂದ ಹಳೆಯ ಕರೀ ಕಂಬಳಿ ತೆಗೆದು ಮೀಟರಿಗೆ ಹೊದಿಸಿದಳು. ನಾನು ಟೆಂಪೋದಿಂದ ಸುತ್ತಿಗೆ ತಂದೆ.

"ಥಾಂಬಾ, ನಿಂದರ್ರಿ," ಎಂದಳು ಸ್ನೇಹಲ. "ಒಡದ್ರ ಕೇಸ್ ಆಗತೈತಿ. ಗೊತ್ತಾದದ್ದ ಹೆಂಗ ಅನ್ನೂದು ಮಾತ್ರ ಗೊತ್ತಾಗೂದಿಲ್ಲ. ಮೊದ್ಲ ಅದನ್ನ ಹುಡಕ್ರಿ."

ಮರುದಿನ ಸಂಮೇದನಿಗೆ ಫೋನು ಮಾಡಿದೆ. ಅವನೂ ನಾನೂ ಶಾಲೆಯಲ್ಲಿ ಒಂದೇ ಬೆಂಚು. ನಾನು ಎಂಟನೇ ಇಯತ್ತೆಗೆ ಪಾಟಿಚೀಲ ಬಿಸಾಕಿದೆ; ಅವನು ಮುಂದೆ ಓದಿ ಐಟಿಐ ಮಾಡಿದ. ಈಗ ಕುಪವಾಡದ ಒಬ್ಬ ಕಾಂಟ್ರಾಕ್ಟರನ ಹತ್ತಿರ ಇಂಥ ಮೀಟರುಗಳನ್ನೇ ಕೂಡಿಸುತ್ತಾನೆ.

ಬಂದವನೇ ಕಂಬಳಿ ನೋಡಿದ. "ಏನ್ರಿ ಮಾವಶಿ, ಮೀಟರಿಗೆ ಥಂಡಿ ಬಂದೈತೇನ್ರಿ? ಕಷಾಯ ಕುಡಿಸಿದ್ರೇನು?"

"ನಗಬ್ಯಾಡ ನೀ," ಎಂದಳು ಅವ್ವ. "ಇದರ ಮುಂದ ಮಾತಾಡಾಕ ಹೆದರಿಕಿ ಬರತೈತಿ."

"ಹಂಗಾದ್ರ ನಿಮ್ಮ ಕಣ್ಣೀಲೇ ನೋಡೋಣ ಬರ್ರಿ. ಕಂಬಳಿ ತಗೀರಿ, ಅದು ಬಿಸಿ ಆಗತೈತಿ, ಛಲೋ ಅಲ್ಲ."

ಅವನು ನಮ್ಮ ಮನೆಯ ಮೇನ್ ಸ್ವಿಚ್ ಆರಿಸಿದ. ಮೀಟರಿನ ಮೇಲೆ ಅಂಕಿ ಹಾಗೇ ಇತ್ತು, ಆದರೆ ಕೆಂಪು ದೀಪ ಮಿಣುಕುವುದು ನಿಂತಿತು.

"ಈಗ ಮಾತಾಡ್ರಿ. ಯಾರಿಗೆ ಬೈಬೇಕಂತೀರಿ ಬೈರಿ."

ಅವ್ವ ನಮ್ಮ ಮುಖ ನೋಡಿದಳು. ಮೊದಲು ಪಿಸುಗುಟ್ಟಿದಳು, ಆಮೇಲೆ ಧೈರ್ಯ ಬಂದು ಕಾಕಾರ ಜಿಪುಣತನ, ಹೋದ ವರ್ಷದ ಹೋಳಿಗೆ ಊಟದ ಜಗಳ ಎಲ್ಲ ತೆಗೆದಳು. ದೀಪ ಮಿಣುಕಲಿಲ್ಲ. ಸ್ನೇಹಲ ಅದರ ಮುಂದೆ ಕೈ ಬೀಸಿದಳು. ನಾನು ಗೋಡೆ ಗುದ್ದಿದೆ. ಏನೂ ಇಲ್ಲ.

ಸಂಮೇದ ಮೇನ್ ಹಾಕಿ, ದೇವರ ಮುಂದಿನ ಸಣ್ಣ ಬಲ್ಬು ಒಂದನ್ನೇ ಹಚ್ಚಲು ಹೇಳಿದ. ಕಾಯುತ್ತ ನಿಂತೆವು. ದೀಪ ಒಮ್ಮೆ ಮಿಣುಕಿತು. ಎಷ್ಟೋ ಹೊತ್ತಿನ ಮೇಲೆ ಇನ್ನೊಮ್ಮೆ. ಆಮೇಲೆ ಒಲೆ ಹಚ್ಚಿದರೆ ಬಿಡದೆ ಮಿಣುಕತೊಡಗಿತು. ನೀರು ಕಾಸುವ ರಾಡು ಬಕೆಟ್ಟಿಗೆ ಇಳಿಸಿದಾಗಲಂತೂ ಎಣಿಸಲು ಆಗಲಿಲ್ಲ.

"ಅಯ್ಯ," ಎಂದಳು ಅವ್ವ. "ಬಿಲ್ ಬರತೈತಿ ಅಂತ ನಾ ದೇವರ ಬಲ್ಬ್ ಆರಸಕೋತ ಕುಂತೇನಿ. ಈ ರಾಡ್ ಹಚ್ಚಿ ಮರತು ಭಜನಿಗೆ ಹೋಗಿರತೇನಿ."

"ಬಿಲ್ ಹೋಗ್ಲಿ, ಅದರಾಗ ಯಾರರ ಕೈ ಇಟ್ರ ಜೀವಾನ ಹೋಗತೈತಿ," ಎಂದ ಸಂಮೇದ. "ಇನ್ನ ಎಲ್ಲಾ ಆರಸ್ರಿ, ಮೇನ್ ಬಿಟ್ಟು."

ಆರಿಸಿದೆವು. ಆದರೂ ದೀಪ ನಿಧಾನವಾಗಿ ಮಿಣುಕುತ್ತಲೇ ಇತ್ತು. ಎಲ್ಲರೂ ಮನೆ ತುಂಬ ಹುಡುಕಿದೆವು. ಕೊನೆಗೆ ಸ್ನೇಹಲಳೇ ಕಂಡುಹಿಡಿದಳು: ಟೀವಿ ರಿಮೋಟಿನಿಂದ ಆರಿಸಿದ್ದು, ಅದರ ಸೆಟ್-ಟಾಪ್ ಡಬ್ಬಿ ಹಿಂದೆ ಬೆಚ್ಚಗೆ ಕೂತಿತ್ತು. ಪ್ಲಗ್ಗಿನ ಬಟನ್ ಒತ್ತಿದ ಮೇಲೆ ದೀಪ ನಿಂತಿತು. ಅವ್ವನಿಗೆ ಆಟ ಹಿಡಿಸಿತ್ತು. ಮಿಕ್ಸರ್ ಹಾಕಿ ನೋಡೋಣ, ಇಸ್ತ್ರಿ ಹಾಕಿ ನೋಡೋಣ ಎನ್ನತೊಡಗಿದಳು.

ನಾನು ತಡೆದೆ. "ಕಣ್ಣಿಲ್ಲ, ಕಿವಿ ಇಲ್ಲ, ಒಪ್ಪಿದೆ. ಹಂಗಾದ್ರ ಕಾಕಾಗ ಗೊತ್ತಾದದ್ದ ಹೆಂಗ?"

ಸಂಮೇದ ನಗಲಿಲ್ಲ. "ಕಣ್ಣು ಕಿವಿ ಇಲ್ಲ, ಖರೆ. ಗಡಿಯಾರ ಐತಿ. ಹಿಂದ ತಿಂಗಳಿಗೊಮ್ಮೆ ಒಬ್ಬಾವ ಬಂದು ಅಂಕಿ ಬರಕೊಂಡ ಹೋಗತಿದ್ದ. ಇದು ಯಾವ ಹೊತ್ತಿನ್ಯಾಗ ಎಷ್ಟು ಸುಟ್ರಿ ಅನ್ನೂದನ್ನ ದಿನಕ್ಕ ಎಷ್ಟೋ ಸಲ ಕಳಸತೈತಿ, ಅದು ಏರಿ ಇಳಿಯೂ ಗೆರಿ ಆಗಿ ಕಾಣತೈತಿ. ಒಲಿ ಅಂತ ಬರಿಯೂದಿಲ್ಲ, ರಾಡ್ ಅಂತ ಬರಿಯೂದಿಲ್ಲ. ಆದ್ರ ನಿಮ್ಮ ಮನಿ ಗೊತ್ತಿದ್ದವ ಆ ಗೆರಿ ನೋಡಿದ್ರ ಊಹಾ ಮಾಡತಾನ. ಎದ್ದದ್ದು ಯಾವಾಗ, ಉಂಡದ್ದು ಯಾವಾಗ. ಮನ್ಯಾಗ ಯಾರೂ ಇಲ್ಲದಾಗ ಗೆರಿ ನೆಲಕ್ಕ ಮಲಗತೈತಿ. ಕಳ್ಳಗ ಅಷ್ಟ ಸಾಕು."

"ಹಂಗಾದ್ರ ನಾ ಹೆದರಿದ್ದ ಪೂರಾ ಹುಚ್ಚತನ ಅಲ್ಲ," ಎಂದಳು ಅವ್ವ.

"ಅಲ್ಲರಿ ಮಾವಶಿ. ಹೆದರೂ ಜಾಗಾ ಬ್ಯಾರೆ ಅಷ್ಟ. ಆ ಗೆರಿ ಫೋನಿನ ಆ್ಯಪಿನ್ಯಾಗ ಕಾಣತೈತಿ. ಮೀಟರ್ ಕೂಡಿಸಾಕ ಬಂದವರು ಫೋನ್ ನಂಬರ್ ಕೇಳಿರಬೇಕಲ್ಲ. ಯಾರದ ಕೊಟ್ರಿ?"

ಅವ್ವ, ಇದೇನು ಕೇಳುವ ಮಾತೇ ಎನ್ನುವಂತೆ ನೋಡಿದಳು. "ಮನಿ ಹಿರ್ಯಾರದ. ಮತ್ಯಾರದ ಕೊಡೂದು? ಮೀಟರ್ ನನ್ನ ಹೆಸರಿಲೇ ಐತಿ, ಆದ್ರ ಹಿರ್ಯಾರ ಇದ್ದಾಗ ನನ್ನ ನಂಬರ್ ಕೊಟ್ರ ಛಲೋ ಕಾಣತೈತೇನು? ಗ್ಯಾಸಿಗೂ ಸಿದ್ರಾಮಪ್ಪನವರದ. ಈ ನನ್ನ ಮಗಾ ಅಜಿತನ ಮದವಿ ಪತ್ರಿಕಾದಾಗೂ ಅವರ ಹೆಸರ ಮೊದಲ."

ಸ್ನೇಹಲ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.

ಗೋಡೆಯಾಚೆ ಹೋದೆವು. ಕಾಕಾ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಕೇಳಿದ್ದೇ ತಡ, ಮುಚ್ಚಿಡದೆ ಫೋನು ತೆಗೆದು ತೋರಿಸಿದರು. ಅಂಗಡಿಯ ಕ್ಯಾಮೆರಾ ತೋರಿಸುವಷ್ಟೇ ಹುರುಪು. "ಇದು ನಮ್ಮ ಮನಿ. ಇದು ನಿಮ್ಮದು. ದಿನಾ ಮುಂಜಾನೆ ನೋಡತೇನಿ. ಸೋಮವಾರ ಅಂಗಡ್ಯಾಗ ಗಿರಾಕಿ ಇರಲಿಲ್ಲ, ಸಂಜೀ ಮುಂದ ತಗದೆ. ನೋಡಿಲ್ಲಿ, ಮಧ್ಯಾಹ್ನ ಹೆಂಗ ಗುಡ್ಡ ಎದ್ದೈತಿ. ನಾನೇನ ಸುಳ್ಳ ಹೇಳಿದ್ನೇನು?"

"ನಮ್ಮ ಮನಿ ನೀವ್ಯಾಕ ನೋಡತೀರಿ?" ಎಂದೆ. ದನಿ ಏರಿತ್ತು.

"ನನ್ನ ಫೋನಿಗೆ ಬರತೈತಿ, ನೋಡತೇನಿ. ಹಿರ್ಯಾ ಇದ್ದೇನಿ."

ಅವ್ವ ನನ್ನ ತೋಳು ಹಿಡಿದಳು. ಸೆರಗು ಹೊದ್ದುಕೊಂಡು ಮುಂದೆ ಬಂದಳು. "ನಿಮಗ ಮರ್ಯಾದಿ ಕೈ ಮುಗದು ಕೊಡತೇನ್ರಿ. ಇನ್ನ ಮ್ಯಾಲ ನಂಬರ್ ನನ್ನದ ಇರಲಿ."

"ವೈನಿ, ನಿಮಗ ಫೋನ್ ನೋಡಾಕ ಬರತೈತೇನ್ರಿ?"

"ಕಲೀತೇನ್ರಿ."

ಮರುದಿನ ಅವ್ವ ತನ್ನ ಗುರುತಿನ ಚೀಟಿ, ಹಳೇ ಲೈಟ್ ಬಿಲ್, ತನ್ನ ಫೋನು ಹಿಡಿದು ವಿದ್ಯುತ್ ಕಚೇರಿಗೆ ಹೋದಳು, ನಾನು ಜೊತೆಗೆ. ನಂಬರು ಬದಲಾಯಿತು. ಅಷ್ಟಕ್ಕೇ ಬಿಟ್ಟು ಬರುವವನು ನಾನಲ್ಲ. ನಮ್ಮ ಗೆರೆ ನಿಮ್ಮ ಕಚೇರಿಯಲ್ಲಿ ಯಾರು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಬೇರೆ ಯಾರಿಗಾದರೂ ಕೊಡುತ್ತೀರಾ ಎಂದು ಕೇಳಿದೆ. ಮೇಜಿನ ಆಚೆಯವರು ಕನ್ನಡಕ ತೆಗೆದು, ಇದನ್ನು ಇಲ್ಲಿ ಯಾರೂ ಕೇಳಿಲ್ಲ, ಬರೆದು ಕೊಡಿ ಎಂದರು. ಬರೆದು ಕೊಟ್ಟೆವು. ಉತ್ತರದ ಬೆನ್ನು ಹತ್ತಿದ್ದೇವೆ, ಬಿಟ್ಟಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಈ ಮೀಟರು ಬಂದಿರಬಹುದು, ನಾಳೆ ಬರಬಹುದು. ಕಂಬಳಿ ಹೊದಿಸಬೇಡಿ, ಸುತ್ತಿಗೆ ಎತ್ತಬೇಡಿ. ಅದರ ಮುಂದೆ ನಿಂತು ನೋಡಿ. ಒಂದೊಂದೇ ಸಾಮಾನು ಹಚ್ಚಿ, ಕೆಂಪು ದೀಪ ಯಾವುದಕ್ಕೆ ಓಡುತ್ತದೆ, ಯಾವುದಕ್ಕೆ ನಡೆಯುತ್ತದೆ ಎಂದು ಮನೆಮಂದಿಯೆಲ್ಲ ಸೇರಿ ತಿಳಿದುಕೊಳ್ಳಿ. ಬಿಲ್ಲು ಎಲ್ಲಿ ಸೋರುತ್ತದೆ ಎಂದು ಅದೇ ಹೇಳುತ್ತದೆ. ಆಮೇಲೆ ಇಂದೇ ಕೇಳಿಕೊಳ್ಳಿ: ನಮ್ಮ ಮೀಟರಿಗೆ ಯಾರ ಫೋನ್ ನಂಬರು ಸೇರಿದೆ? ದೊಡ್ಡಪ್ಪನದೇ, ಮನೆ ಮಾಲಕನದೇ, ಮೀಟರು ಕೂಡಿಸಿದ ಹುಡುಗನದೇ? ನಿಮ್ಮದಲ್ಲದಿದ್ದರೆ ಬದಲಿಸಿ. ಫೋನಿಗೆ ಬಂದ ಓಟಿಪಿ ಯಾರು ಕೇಳಿದರೂ ಹೇಳಬೇಡಿ. ಬಿಲ್ಲಿನ ಫೋಟೊ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕಚೇರಿಯಲ್ಲಿ ನಾಚದೆ ಕೇಳಿ. ಮನೆ ನಿಮ್ಮದು, ಕೇಳುವುದು ನಿಮ್ಮ ಹಕ್ಕು.

ಇದನ್ನೆಲ್ಲ ಬರೆಯಲೇ ಎಂದು ಸ್ನೇಹಲಳನ್ನು ಮೊದಲು ಕೇಳಿದೆ. ಅವಳ ತೊಡೆಯ ಮೇಲೆ ನಮ್ಮ ಮಗಳು ಮಲಗಿದ್ದಳು. "ಈಗ ಬರೀರಿ," ಎಂದಳು.

ಆದರೆ ಆ ಶ್ರಾವಣದಲ್ಲಿ ಅವಳಿಗೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ನಂಬರು ಬದಲಾದ ಮೇಲಿನ ಸೋಮವಾರ ಮಠದಲ್ಲಿ ಮತ್ತೆ ಪಂಗತಿ ಕೂತಿತು. ಸ್ನೇಹಲ ತಲೆ ಎತ್ತಿ ಕೂತಿದ್ದಳು. ನಾನು ಬಕೆಟ್ಟು ಹಿಡಿದು ಕಾಕಾರ ಎಲೆಗೆ ಬಂದೆ.

"ಅಜಿತ, ನಿಮ್ಮ ಮನಿ ಈಗ ನನ್ನ ಫೋನಿನ್ಯಾಗ ಕಾಣವಲ್ತು," ಎಂದರು ಕಾಕಾ, ಎಲ್ಲರಿಗೂ ಕೇಳುವಂತೆ. "ಆತು, ನೀನ ಹೇಳಿಬಿಡು. ಇವತ್ತ ಮಧ್ಯಾಹ್ನ ಒಲಿ ಹೊತ್ತಿತ್ತೋ, ಇಲ್ಲೋ?"

ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. ನಾಲಿಗೆಯ ತುದಿಯಲ್ಲಿ ಏನೇನೋ ಬಂದಿತ್ತು. ಅವರ ಎಲೆಗೆ ಎರಡು ಸೌಟು ಹುಗ್ಗಿ ನೀಡಿದೆ, ಬಕೆಟ್ಟು ಎತ್ತಿಕೊಂಡು ಮುಂದಿನ ಎಲೆಗೆ ಹೋದೆ.