ಕಂಡದ್ದಕ್ಕೆ ರುಜು

ಓದದೆ ರುಜು ಹಾಕದವನು ಎಂದು ಶಾಂತಿಗ್ರಾಮದಲ್ಲಿ ನನಗೊಂದು ಹೆಸರಿದೆ. ಶಾಲೆಯ ಜವಾನನಾಗಿ ನಿವೃತ್ತನಾದ ಲಕ್ಕಯ್ಯ ನಾನು.

ಹೆಂಡತಿ ಮಲ್ಲಿಗಮ್ಮ ತೀರಿಕೊಂಡ ಮೇಲೆ ನನಗೆ ಉಳಿದದ್ದು ಹುಲಿಯಪ್ಪನ ಜಗಲಿ ಒಂದೇ. ಅವನು ಮೇಲಿನ ಬೀದಿಯವನು, ನಾನು ಕೇರಿಯವನು. ಆದರೂ ಒಂದೇ ತರಗತಿಯಲ್ಲಿ ಕೂತವರು. ದಿನಾ ಬೆಳಿಗ್ಗೆ ಅವನೇ ಎರಡು ಲೋಟ ಟೀ ತರುತ್ತಾನೆ, ಕುಡಿದಾದ ಮೇಲೆ ಅವನೇ ಲೋಟ ಒಳಗೊಯ್ಯುತ್ತಾನೆ. ಎರಡೂ ಒಂದೇ ಥರದ ಗಾಜಿನ ಲೋಟ. ಒಳಗೆ ಕರೆದಿರಲಿಲ್ಲ ನಿಜ. ಜಗಲಿಯೇ ತಂಪು ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಮಿಕ್ಕವರು ಹೇಗೋ, ಹುಲಿಯಪ್ಪ ಹಾಗಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ.

ಮೊನ್ನೆ ಟೀ ಕುಡಿದು ಏಳುವಷ್ಟರಲ್ಲಿ ಪೊಲೀಸ್ ಜೀಪು ಬಂತು. ಕದ್ದ ಪಂಪ್‌ಸೆಟ್ ವೈರನ್ನು ಹುಲಿಯಪ್ಪನ ಮಗ ಕನಕರಾಜು ಬಚ್ಚಿಟ್ಟಿದ್ದಾನೆಂದು ಯಾರೋ ದೂರು ಕೊಟ್ಟಿದ್ದರಂತೆ. ಇನ್‌ಸ್ಪೆಕ್ಟರ್ ಶಿವರಾಜು ಮ್ಯಾಜಿಸ್ಟ್ರೇಟರ ವಾರಂಟ್ ತೋರಿಸಿದರು. ಊರಿನ ಇಬ್ಬರು ಪಂಚರು ಬೇಕು, ಅವರ ಕಣ್ಣೆದುರೇ ಶೋಧ ನಡೆಯಬೇಕು ಎಂದರು. ರೇಷನ್ ಅಂಗಡಿಯ ಅನಿಲ್‌ಕುಮಾರ್ ಒಬ್ಬನಾದ.

"ಇನ್ನೊಬ್ಬ ನಮ್ ಲಕ್ಕಯ್ಯನೇ ಆಗ್ಲಿ ಸಾ," ಎಂದ ಹುಲಿಯಪ್ಪ. "ಇಲ್ದಿದ್ದ ವೈರು ಇತ್ತು ಅಂತ ಅವ್ನು ರುಜು ಆಕಾಕಿಲ್ಲ."

ನನಗೆ ಹೆಮ್ಮೆಯಾಯಿತು. ಐವತ್ತು ವರ್ಷದ ಗೆಳೆತನದಲ್ಲಿ ಮೊದಲ ಸಲ ಆ ಹೊಸಿಲು ದಾಟಿದೆ.

ಕೋಣೆ, ಅಟ್ಟ ಎಲ್ಲ ಜಾಲಾಡಿದರು. ಅಡುಗೆಮನೆ ಬಾಗಿಲಿಗೆ ಹುಲಿಯಪ್ಪನ ಹೆಂಡತಿ ಬೈರಮ್ಮ ಅಡ್ಡ ನಿಂತಳು.

"ನೀವ್ ಬನ್ನಿ ಸಾ. ಅವ್ನ್ಯಾಕೆ ಒಳೀಕೆ?"

"ಪಂಚರು ನೋಡ್ದೆ ಶೋಧ ಆಗಲ್ಲ ಕಣಮ್ಮ," ಎಂದರು ಶಿವರಾಜು.

ಹುಲಿಯಪ್ಪ ನೆಲ ನೋಡುತ್ತಿದ್ದ. ಗೆಳೆಯ ಕರೆಯದ ಕಡೆಗೆ ಕಾನೂನು ನನ್ನನ್ನು ಕರೆದುಕೊಂಡು ಹೋಯಿತು. ಅಲ್ಲಿ ವೈರಿರಲಿಲ್ಲ.

ಕೊನೆಗೆ ಹಿತ್ತಲ ಕೊಟ್ಟಿಗೆ. ಪೇದೆ ಗೋಡೆಯ ಗೂಡಿಗೆ ಕೈ ಹಾಕಿ ಒಂದು ಗಾಜಿನ ಲೋಟ ತೆಗೆದ. ತಳಕ್ಕೆ ಕೆಂಪು ಬಣ್ಣದ ಚುಕ್ಕೆ. ಕುಡಿಯುವವನಿಗೆ ಕಾಣದ ಜಾಗ.

"ಇದ್ಯಾಕಮ್ಮ ದನಗಳ ಅತ್ರ?"

"ಅದು ಲಕ್ಕಯ್ಯಂದು ಸಾ," ಎಂದಳು ಬೈರಮ್ಮ, ಸಲೀಸಾಗಿ.

ಲೋಟ ಇನ್ನೂ ಒದ್ದೆಯಾಗಿತ್ತು. ಮಲ್ಲಿಗಮ್ಮ ಸತ್ತ ದಿನವೂ ನಾನು ಇಷ್ಟು ಒಂಟಿಯಾಗಿರಲಿಲ್ಲ.

ಪೇದೆ ಅದನ್ನು ಗೂಡಿಗೇ ಇಟ್ಟ. ಶಿವರಾಜು ಪಂಚನಾಮೆ ಬರೆಸಿದರು. ಒಂದು ಪ್ರತಿ ಮನೆಯವರಿಗೆ. "ಓದ್ಕೊಳ್ಳಪ್ಪ, ಓದ್ದೆ ಆಕಲ್ವಂತಲ್ಲ ನೀನು," ಎಂದು ನನ್ನತ್ತ ಚಾಚಿದರು.

ಓದಿದೆ. 'ಪಂಚರ ಸಮಕ್ಷಮ ಮನೆಯನ್ನೆಲ್ಲ ಶೋಧಿಸಲಾಗಿ ಏನೂ ದೊರೆಯಲಿಲ್ಲ.'

ಹುಲಿಯಪ್ಪ ಕೈಮುಗಿದು ನಿಂತಿದ್ದ, ಮಗ ಉಳಿಯಬೇಕಲ್ಲ. ರುಜು ಹಾಕಿದೆ.

ಮರುದಿನ ಬೆಳಿಗ್ಗೆ ಮನೆಯಲ್ಲೇ ಟೀಗಿಟ್ಟೆ. ಒಬ್ಬನಿಗೆ ಎಷ್ಟು ಹಾಲು ಹಾಕಬೇಕೋ ಗೊತ್ತಾಗಲಿಲ್ಲ.