ಹುಳದ ಮನೆಗೆ ಹೋದ ಪರದೆ

ಮಾರ್ಗಶಿರದ ಇಳಿಹೊತ್ತು, ಕಿಟಕಿ ಸಂದಿಯಿಂದ ಗಾಳಿ ಬಂದು ಹಿಮ್ಮಡಿಗೆ ತಾಗುತ್ತೆ, ಹೋದ ವರ್ಷವೂ ಇದೇ ಮಾಸ ಇದೇ ಹೊತ್ತು, ಸೊಸೆ ಕವಿತ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ತೌರಿಂದ ಬಂದವಳು, ಅತ್ತೆ, ಈ ರೂಮು ಕೊರೀತದೆ, ಕಿಟಕಿಗೆ ಏನಾದ್ರೂ ಹಾಕಬೇಕು ಅಂದದ್ದು — ಆಳುದ್ದದ ಕಿಟಕಿ, ನನ್ನ ಮಗ ಮುರಳಿಮೋಹನ ಆಸೆಪಟ್ಟು ಇಡಿಸಿದ್ದು, ನನ್ನ ಬಾಣಂತನದಲ್ಲಿ ಇದ್ದದ್ದು ಮಣ್ಣು ಗೋಡೆ, ಅಂಗೈಯಗಲ ಬೆಳಕಿಂಡಿ, ನಮ್ಮತ್ತೆ ಓಬಳಮ್ಮ ಒಂದು ಹಿಡಿ ರಾಗಿಹುಲ್ಲು ತುರುಕಿದಳು, ಚಳಿ ಅಲ್ಲಿಗೆ ಮುಗೀತು, ಈಗ ಪರದೆ ತರೋಕೆ ಚಿಂತಾಮಣಿ ಪೇಟೆಗೆ ಹೋಗಬೇಕು, ಅಂಗಡಿಯವನು ಬಟ್ಟೆ ಬಿಚ್ಚಿ ಬಿಚ್ಚಿ ಹಾಕ್ತಾನೆ, ಮುರಳಿ ತೆಳ್ಳಗಿನದು ಹಿಡಿದು ಇದು ಸಾಕು ಕಣೇ ಅಂತಾನೆ, ಕವಿತ ಅದನ್ನ ಬೆಳಕಿಗೆ ಎತ್ತಿ, ನಿಮ್ಮ ಮುಖವೇ ಕಾಣ್ತದಲ್ರೀ, ಚಳಿ ಬರಲ್ವಾ, ನಾನು ಸುಮ್ಮನಿರದೆ, ಗೋಣಿ ಕಟ್ಟಿದ್ರೆ ಆಗಲ್ವೇನಮ್ಮ, ನಮ್ಮ ರೇಷ್ಮೆಹುಳದ ಮನೆ ಕಿಟಕಿಗೆ ಅದೇ ತಾನೆ, ಅತ್ತೆ, ನಾನೇನು ಹುಳಾನಾ, ಸೊಪ್ಪು ಹಾಕಿ ಗೋಣಿ ಮುಚ್ಚೋಕೆ — ಅಂಗಡಿಯವನೂ ನಕ್ಕ, ಕೊನೆಗೆ ನೀಲಿಯದು, ದಪ್ಪ, ಹಿಂದೆ ಇನ್ನೊಂದು ಬಟ್ಟೆ ಕೊಟ್ಟು ಹೊಲಿದದ್ದು, ಕಟ್ಟಿದ ಮೇಲೆ ಕೈಯಿಟ್ಟು ನೋಡಿದೆ, ಗಾಳಿ ಇಲ್ಲ, ಕೂಸಿನ ಮೂಗು ಸೋರೋದು ನಿಂತಿತು, ಗೋಣಿಗಿಂತ ಒಳ್ಳೇದೇ, ಒಪ್ಪಬೇಕು.

ಆಮೇಲೆ ಮೋಡ ಕವೀತು, ಹಿತ್ತಲ ಹುಳದ ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಪೊರೆ ಬಿಟ್ಟು ಎದ್ದು ಸೊಪ್ಪು ಹಿಡಿದಿದ್ದವು, ಒಗೆದು ಹಾಕಿದ ಗೋಣಿ ಒಣಗಲೊಲ್ಲವು, ಹುಳ ಚಳಿಗೆ ಮಂಕಾದರೆ ಗೂಡಿಲ್ಲ, ಮಂಗಳವಾರ ಕವಿತ ಕೂಸಿಗೆ ನೀರು ಹಾಕ್ತಿದ್ದಾಗ ಮುರಳಿ ಸ್ಟೂಲು ಹತ್ತಿ ಪರದೆ ಬಿಚ್ಚಿದ, ಒಂದೆರಡು ದಿನ ಕಣಮ್ಮ, ಅವಳಿಗೆ ನಾನು ಹೇಳ್ಕೋತೀನಿ, ಹೇಳಲಿಲ್ಲ, ಹುಳದ ಮನೆ ಕಿಟಕಿಗೆ ಕಟ್ಟಿ ಬಾಗಿಲು ಹಾಕಿದ, ಬೆಳಿಗ್ಗೆ ನೋಡಿದರೆ ತಟ್ಟೆ ತಟ್ಟೆಯಲ್ಲೂ ಹುಳ ತಲೆ ಎತ್ತಿ ಆಡಿಸ್ತಾ ಹಸಿರು ನೀರು ಕಕ್ಕುತ್ತಾ — ಸೊಳ್ಳೆ ಔಷಧಿ, ಪರದೆಯ ಮಡಿಕೆ ಮಡಿಕೆಗೂ ಕವಿತ ಹೊಡೆದಿದ್ದಳು, ಕೂಸಿಗೆ ಸೊಳ್ಳೆ ಕಚ್ಚುತ್ತೆ ಅಂತ, ಅವಳಪ್ಪ ಕುಡುಮಲಕುಂಟೆಯಲ್ಲಿ ಫ್ಯಾಕ್ಟರಿ ಕೆಲಸದವರು, ಹುಳ ಕಂಡ ಮನೆಯಲ್ಲ, ಮುರಳಿ ಅಂಗಳದಲ್ಲಿ ನಿಂತು, ಹುಳದ ಮನೆಗೆ ಬಂದೋಳಿಗೆ ಇಷ್ಟು ಗೊತ್ತಾಗಲ್ವೇನೆ, ಮನೆ ತೆಗೆದುಬಿಟ್ಟೆಯಲ್ಲೇ, ಅವಳು ಕೂಗಲಿಲ್ಲ, ಹುಳದ ಮನೆಗೆ ಹೊಡೆದ್ನಾ ನಾನು, ನನ್ನ ಮಗು ಮಲಗೋ ಕಡೆ ಹೊಡೆದೆ, ಬಿಚ್ಚೋವಾಗ ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ, ರಾತ್ರಿಯೆಲ್ಲ ಕೂಸು ಕೆಮ್ಮಿತು, ಅದು ನಿಮಗೆ ಕೇಳಿಸಲಿಲ್ಲ, ಅವನು ಸತ್ತ ಹುಳ ಮಂಕರಿಗೆ ತುಂಬುತ್ತಲೇ ಇದ್ದ, ತಲೆ ಎತ್ತಲಿಲ್ಲ, ಎತ್ತಿದ್ದರೆ — ಇರಲಿ.

ಶುಕ್ರವಾರ ಕವಿತ ತೌರಿಗೆ ಅಂತ ಬ್ಯಾಗು ತುಂಬಿದಳು, ಮನೆ ಹೆಣ್ಣು ಶುಕ್ರವಾರ ಹೊಸಿಲು ದಾಟಬಾರದು, ನಾಳೆ ಹೋಗುವಂತೆ ಕಣಮ್ಮ ಅಂದೆ, ಪರದೆ ಬಿಚ್ಚೋವಾಗ ವಾರ ನೋಡಿದ್ರಾ ಅತ್ತೆ, ಅಷ್ಟೇ ಅಂದಳು, ಜಂಗಮಕೋಟೆ ಕ್ರಾಸಿನವರೆಗೂ ನಾನೇ ಬ್ಯಾಗು ಹಿಡಿದೆ, ಬಸ್ಸು ಬಂತು, ಕಿಟಕಿ ಪಕ್ಕ ಕೂತಳು, ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡಳು, ಗಾಜು ಬಿಗಿಯಾಗಿತ್ತು, ಎರಡು ಕೈ ಹಾಕಿ ಎಳೆದಳು, ಬರಲಿಲ್ಲ, ಮತ್ತೆ ಎಳೆದಳು, ಮುಚ್ಚಿತು — ಆ ಎರಡು ಕೈ, ಗಾಜು, ನಾನು ಕೆಳಗೆ, ಎರಡು ಕೈ, ಗಾಜು — ಮತ್ತೆ ಮಾರ್ಗಶಿರ ಬಂತು, ಅವಳು ಬರಲಿಲ್ಲ, ಕವಿತ ಹೋದದ್ದು ಶುಕ್ರವಾರ.